ಎರಡು ಕ್ಯಾಮೆರಾ, ಒಂದೇ ನಿಷ್ಠೆ: ಎಡಿತ್ ಟ್ಯೂಡರ್-ಹಾರ್ಟ್ ಪ್ರಕರಣದ ಮರುಪರಿಶೀಲನೆ

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಗೌತಮ ರಥ ಹೊರಟಾಗ, ತಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ ನೆರೆದಾಗ, ಕ್ಯಾಮೆರಾ ಹಿಡಿದವರಿಗೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಎಲ್ಲಿಗೂ ನುಗ್ಗಬಲ್ಲ ಈ ಸಲಿಗೆ ಗೂಢಚಾರರಿಗೆ ಒಳ್ಳೆಯ ವೇಷವೆಂಬ ಊಹೆ ಸಹಜ. ಛಾಯಾಗ್ರಾಹಕಿಯೂ ಸೋವಿಯತ್ ಗೂಢಚಾರಿಣಿಯೂ ಆಗಿದ್ದ ಎಡಿತ್ ಟ್ಯೂಡರ್-ಹಾರ್ಟ್ (1908–1973) ವಿಷಯದಲ್ಲಿ ಈ ಊಹೆ ನಿಲ್ಲದು ಎಂಬುದು ಪ್ರಸ್ತುತ ಲೇಖನದ ವಾದ.

ಆಕೆ ವಿಯೆನ್ನಾದಲ್ಲಿ ಸಮಾಜವಾದಿ ಪುಸ್ತಕದಂಗಡಿ ನಡೆಸುತ್ತಿದ್ದ ಮನೆತನದ ಮಗಳು. ಛಾಯಾಗ್ರಹಣ ಕಲಿತದ್ದು ಡೆಸಾವ್‌ನ ಬೌಹೌಸ್ ಕಲಾಶಾಲೆಯಲ್ಲಿ. 1933ರಲ್ಲಿ ಕಮ್ಯುನಿಸ್ಟ್ ಚಟುವಟಿಕೆಗಾಗಿ ಬಂಧನ. ಅದೇ ವರ್ಷ ಇಂಗ್ಲಿಷ್ ವೈದ್ಯನೊಬ್ಬನನ್ನು ಮದುವೆಯಾಗಿ ಮತ್ತೆ ಬ್ರಿಟನ್ನಿಗೆ ಪಯಣ. 1934ರ ಜೂನ್‌ನಲ್ಲಿ, ಮುಂದೆ ಸೋವಿಯತ್ ಗೂಢಚಾರನಾದ ಕಿಮ್ ಫಿಲ್ಬಿಯನ್ನು ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಕರೆದೊಯ್ದು ಸೋವಿಯತ್ ಗುಪ್ತಚರ ಆರ್ನಲ್ಡ್ ಡಾಯ್ಚ್‌ನನ್ನು ಭೇಟಿ ಮಾಡಿಸಿದವಳು ಈಕೆಯೇ. ಮುಂದಿನ ಕೇಂಬ್ರಿಜ್ ಗೂಢಚಾರರ ಕಥೆಯನ್ನು ಬೇಕಾದಷ್ಟು ಮಂದಿ ಬರೆದಿದ್ದಾರೆ. ಇಲ್ಲಿ ಅದು ಬೇಡ.

ನೋಡಬೇಕಾದದ್ದು ಕ್ಯಾಮೆರಾಗಳನ್ನು. ಎಡಿತ್ ಬಳಸುತ್ತಿದ್ದದ್ದು ರೋಲಿಫ್ಲೆಕ್ಸ್. ಸೊಂಟದ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಬಿಂಬ ನೋಡುವ ಯಂತ್ರ ಅದು. ತೆಗೆಯುವವರ ಮುಖ ಅದರಲ್ಲಿ ಮರೆಯಾಗುವುದಿಲ್ಲ. ಎದುರಿಗಿರುವವರೊಡನೆ ಮಾತು ನಡೆದೇ ಇರುತ್ತದೆ. ವೇಲ್ಸಿನ ರೊಂಡಾ ಕಣಿವೆಯ ಗಣಿ ಕಾರ್ಮಿಕರನ್ನೂ ಲಂಡನ್ನಿನ ಕೊಳೆಗೇರಿಗಳ ಮಕ್ಕಳನ್ನೂ ಆಕೆ ಚಿತ್ರಿಸಿದ್ದು ಹೀಗೆ. ಆಕೆಯ ಒಂದು ಪ್ರಸಿದ್ಧ ಚಿತ್ರದಲ್ಲಿ ಬೇಕರಿಯ ಗಾಜಿನಾಚೆ ತಿಂಡಿ ಪೇರಿಸಿಟ್ಟಿದೆ, ಈಚೆ ಬಡ ಮಗುವೊಂದು ದಿಟ್ಟಿಸುತ್ತಿದೆ. ವೇಷ ಹಾಕಿದವರು ತಮ್ಮ ಪಕ್ಷವನ್ನು ಹೀಗೆ ಸಾರಿ ಹೇಳುತ್ತಾರೆಯೇ? ಮದುವೆಗೆ ಮುಂಚೆ, 1930ರಲ್ಲಿ ಟ್ರಫಾಲ್ಗರ್ ಚೌಕದ ಸಭೆಯಲ್ಲಿ ಕಾಣಿಸಿಕೊಂಡದ್ದಕ್ಕೇ ಆಕೆಯನ್ನು ಬ್ರಿಟನ್ನಿನಿಂದ ಹೊರಹಾಕಲಾಗಿತ್ತು. ಪೊಲೀಸರ ಕಣ್ಣು ತಪ್ಪಿಸುವುದಿರಲಿ, ಈ ಚಿತ್ರಗಳು ಅವರನ್ನು ಕರೆತರುವಂಥವು.

ಇನ್ನೊಂದು ಕ್ಯಾಮೆರಾ ಲೈಕಾ. 1938ರ ವುಲ್ವಿಚ್ ಶಸ್ತ್ರಾಗಾರ ಪ್ರಕರಣದಲ್ಲಿ ಸೋವಿಯತ್‌ಗಾಗಿ ಗುಪ್ತ ಕಡತಗಳ ನಕಲು ತೆಗೆಯುತ್ತಿದ್ದು ಸಿಕ್ಕಿಬಿದ್ದ ಪರ್ಸಿ ಗ್ಲೇಡಿಂಗ್‌ನ ಮನೆಯಲ್ಲಿ ದೊರೆತ ಲೈಕಾ ರಸೀದಿಯ ಜಾಡು ಎಡಿತ್‌ವರೆಗೆ ಹೋಯಿತು. ಆಕೆ ಒಪ್ಪಿಕೊಳ್ಳಲಿಲ್ಲ; ಮೊಕದ್ದಮೆಯೂ ಆಗಲಿಲ್ಲ. ಬೀದಿಯ ಚಿತ್ರಗಳಿಗೂ ಕಡತಗಳ ನಕಲಿಗೂ ನಿಷ್ಠೆ ಒಂದೇ, ಸಲಕರಣೆ ಮಾತ್ರ ಬೇರೆ. ಆದ್ದರಿಂದ ಇದನ್ನು ಇಬ್ಬಗೆಯ ಬದುಕು ಎನ್ನಲು ನನಗೆ ಮನಸ್ಸಿಲ್ಲ.

ಗೂಢಚಾರಿಕೆ ಛಾಯಾಗ್ರಹಣವನ್ನು ತಿಂದದ್ದಂತೂ ನಿಜ. 1951ರಲ್ಲಿ ಬಂಧನದ ಭಯದಿಂದ ಆಕೆ ತನ್ನ ಚಿತ್ರಗಳನ್ನೂ ನೆಗೆಟಿವ್‌ಗಳನ್ನೂ ಬಹುಮಟ್ಟಿಗೆ ನಾಶಮಾಡಿದಳು. ಕೊನೆಗಾಲ ಬ್ರೈಟನ್ನಿನ ಹಳೆಯ ವಸ್ತುಗಳ ಅಂಗಡಿಯಲ್ಲಿ ಕಳೆಯಿತು. ಆಕೆಯ ತಮ್ಮ ವೋಲ್ಫ್‌ಗಾಂಗ್ ಸುಶಿಟ್ಸ್‌ಕಿ ಕಾಪಾಡಿದ ನೆಗೆಟಿವ್‌ಗಳು 2004ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗಳನ್ನು ಸೇರಿದವು. ಈ ಸಂಗ್ರಹ ಆಕೆಯೇ ಹೆದರಿ ಜರಡಿ ಹಿಡಿದು ಉಳಿಸಿದ್ದು. ಆಕೆ ಯಾರನ್ನು ಚಿತ್ರಿಸಿದಳು, ಯಾರನ್ನು ಬಿಟ್ಟಳು ಎಂದು ಇದರಿಂದ ತೀರ್ಮಾನಿಸುವವರು ಆ ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.