ತರಗತಿಯ ಬರೆಯದ ಕಾನೂನುಗಳು

ಮಗು ಕಿರುಬೆರಳು ಎತ್ತಿದರೆ ಏನರ್ಥ? ಯಾವ ಮಾಸ್ಟ್ರಿಗೂ ವಿವರಿಸಬೇಕಾಗಿಲ್ಲ. ಪಠ್ಯಪುಸ್ತಕದಲ್ಲಿಲ್ಲದ, ಸುತ್ತೋಲೆಯಲ್ಲೂ ಬಾರದ ಇಂಥ ನಿಯಮಗಳು ನಮ್ಮ ತರಗತಿಗಳಲ್ಲಿ ಎಷ್ಟೋ ಇವೆ. ಮಾಸ್ಟ್ರು ಒಳಗೆ ಬಂದರೆ ಎದ್ದು ನಿಲ್ಲಬೇಕು. ಬೈಯುವಾಗ ತಲೆ ತಗ್ಗಿಸಬೇಕು. 'ಅರ್ಥ ಆಯ್ತಾ?' ಎಂದರೆ ಆಗದಿದ್ದರೂ 'ಆಯ್ತು' ಎನ್ನಬೇಕು. ಇವೆಲ್ಲ ಎಲ್ಲಿಂದ ಬಂದವು? ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಮಟ್ಟಿಗೆ ಸ್ವಲ್ಪ ಹಿಂದೆ ಹೋಗಿ ನೋಡೋಣ.

ಮೊದಲಿದ್ದದ್ದು ಐಗಳ ಮಠ. ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಕಾಲ. ಐಗಳು ಹೇಳಿದ್ದನ್ನು ಮಕ್ಕಳು ಒಟ್ಟಾಗಿ ಹೇಳಬೇಕು. ಕೈಯಲ್ಲಿ ಪುಸ್ತಕವಿಲ್ಲದಾಗ ಬಾಯಿಪಾಠವೇ ಪುಸ್ತಕ. ಬಾಯಿಗೆ ಬೇಕಾದಷ್ಟು ಕೆಲಸವಿತ್ತು, ಪ್ರಶ್ನೆಗೆ ಜಾಗವಿರಲಿಲ್ಲ.

ಬಾಸೆಲ್ ಮಿಶನ್ 1836ರಲ್ಲಿ ಮಂಗಳೂರಿನಲ್ಲಿ ಕನ್ನಡ ಶಾಲೆ ತೆರೆಯಿತು. ಆಗ ನಮ್ಮ ಊರೂ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಯಲ್ಲೇ ಇತ್ತು. ಮುಂದೆ ಅನುದಾನ ಬಂತು, ಇನ್‌ಸ್ಪೆಕ್ಟರ್ ಬಂದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಂತ್ಯದ ಅನೇಕ ಶಾಲೆಗಳಿಗೆ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಹಣ ಕೊಡುತ್ತಿದ್ದರು. ಮಗು ತಪ್ಪು ಹೇಳಿದರೆ ಮಾಸ್ಟ್ರ ಅನ್ನಕ್ಕೇ ಕುತ್ತು! ಇಂಥ ಕಡೆ ಉತ್ತರ ಪುಸ್ತಕದ ಮಾತಿನಲ್ಲೇ ಇರಬೇಕು, ತಿಳಿಯದವನು ಸುಮ್ಮನಿರಬೇಕು ಎಂಬ ರೂಢಿ ಗಟ್ಟಿಯಾದದ್ದರಲ್ಲಿ ಆಶ್ಚರ್ಯವೇನು? ನಾವು 'ಗುರುಭಕ್ತಿ' ಎಂದುಕೊಂಡ ಮೌನದಲ್ಲಿ ಹೊಟ್ಟೆಪಾಡಿನ ಭಯವೂ ಸೇರಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು, ಆ ಮೌನವೂ ಉಳಿಯಿತು. ಆದರೆ ನಮ್ಮಲ್ಲಿ ಮೌನಕ್ಕೆ ಇನ್ನೊಂದು ಕಾರಣವಿದೆ. ಒಂದೇ ಬೆಂಚಿನಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಮಾತಾಡುವ ಮನೆಯ ಮಕ್ಕಳು ಕೂರುತ್ತಾರೆ. ಗೌರವಕ್ಕೆ ತುಳುವಿನಲ್ಲಿ 'ಈರ್' ಇದೆ, ಕನ್ನಡದಲ್ಲಿ 'ನೀವು' ಇದೆ. ಮಲಯಾಳದಲ್ಲಾದರೆ ಹಿರಿಯರನ್ನು ಸರ್ವನಾಮದಿಂದ ಕರೆಯದೆ 'ಮಾಷ್', 'ಟೀಚರ್' ಎಂದೇ ಹೇಳುವುದು ಮರ್ಯಾದೆ. ಹಾಗಾಗಿ ಪುಟ್ಟ ಮಗು ನಮ್ಮ ಮುಖ ನೋಡಿಯೇ 'ಟೀಚರ್ ನಾಳೆ ಬರ್ತಾರಾ?' ಎಂದು ನಮ್ಮನ್ನೇ ಕೇಳುತ್ತದೆ. ಅದು ತಪ್ಪು ಕನ್ನಡವಲ್ಲ, ಮನೆಯಿಂದ ತಂದ ವಿನಯ.

ನಾವೂ ತಪ್ಪಿದ್ದೇವೆ. ಒಬ್ಬ ಹುಡುಗಿ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕೂತಾಗ 'ಎಷ್ಟು ಒಳ್ಳೆಯ ಮಗು' ಎಂದು ಹೊಗಳಿದ್ದೆವು. ಒಂದು ದಿನ ಊಟದ ಬಿಡುವಿನಲ್ಲಿ ಅವಳು ಗೆಳತಿಯರೊಡನೆ ತುಳುವಿನಲ್ಲಿ ಅರಳು ಹುರಿದಂತೆ ಮಾತಾಡುವುದು ಕೇಳಿಸಿತು. ಅವಳದ್ದು ವಿಧೇಯತೆಯಲ್ಲ, ತಪ್ಪಿದರೆ ಎಲ್ಲರೂ ನಗುತ್ತಾರೆಂಬ ಹೆದರಿಕೆ. ಮರುದಿನದಿಂದ 'ತುಳುವಿನಲ್ಲೇ ಹೇಳು ಮಗಾ' ಎಂದೆವು. ಮೊದಲು ತುಳು ಬಂತು, ಅದರ ಬೆನ್ನಿಗೆ ಕನ್ನಡವೂ ಬಂತು.

ಕಾನೂನುಗಳು ಬದಲಾಗಿವೆ. 1994ರಲ್ಲಿ ಡಿ.ಪಿ.ಇ.ಪಿ. ಯೋಜನೆ ಕೇರಳಕ್ಕೆ ಬಂದಾಗ ಮೊದಲ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಸಾಲು ಬೆಂಚು ಹೋಗಿ ಗುಂಪು ಬಂತು. ಮಕ್ಕಳು ಮಾತಾಡುವುದೇ ಪಾಠವಾಯಿತು. 'ಶಾಲೆಯಲ್ಲಿ ಪಾಠವೇ ಇಲ್ಲ, ಬರೀ ಆಟ' ಎಂದು ಗೊಣಗಿದ ಹೆತ್ತವರೂ ಇದ್ದರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಬೆತ್ತವನ್ನು ನಿಷೇಧಿಸಿತು. 2023ರ ಜನವರಿಯಲ್ಲಿ ಕೇರಳದ ಮಕ್ಕಳ ಹಕ್ಕು ಆಯೋಗ 'ಸಾರ್', 'ಮೇಡಂ' ಬಿಟ್ಟು ಎಲ್ಲರನ್ನೂ 'ಟೀಚರ್' ಎಂದೇ ಕರೆಯಿಸಲು ನಿರ್ದೇಶನ ಕೊಟ್ಟಿತು. ಆದರೆ ಆದೇಶದಿಂದ ಬೆತ್ತ ಹೋದೀತು, ಹೆದರಿಕೆ ಹೋಗಲು ಮಗುವಿನ ಮಾತು ತಿಳಿಯುವವರು ಎದುರಿಗಿರಬೇಕು.

ಕನ್ನಡ ತಿಳಿಯದ ಶಿಕ್ಷಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ನಮ್ಮವರು ಬೀದಿಗಿಳಿದದ್ದು ಬರೀ ಭಾಷಾಭಿಮಾನದಿಂದಲ್ಲ. ಅಂಥ ತರಗತಿಯಲ್ಲಿ 'ಅರ್ಥ ಆಗಲಿಲ್ಲ' ಎಂದು ಹೇಳಲೂ ಮಗುವಿಗೆ ದಾರಿಯಿಲ್ಲ. ಅದು ತಲೆಯಾಡಿಸುತ್ತದೆ, ಶಿಕ್ಷಕರು ಮುಂದಿನ ಪುಟಕ್ಕೆ ಹೋಗುತ್ತಾರೆ.

ಸಹೋದ್ಯೋಗಿ ಗೆಳೆಯರೇ, ನಾಳೆ ತರಗತಿಯಲ್ಲಿ 'ಆಯ್ತು' ಎಂಬ ಉತ್ತರ ಬಂದಾಗ ಒಂದು ಕ್ಷಣ ನಿಲ್ಲೋಣ. ಹಿಂದಿನ ಬೆಂಚಿನ ಮಗುವನ್ನು, ಅದರ ಮನೆಮಾತಿನಲ್ಲಾದರೂ ಸರಿ, ಇನ್ನೊಮ್ಮೆ ಕೇಳೋಣ.