ಸೈನ್ಯಕ್ಕೆ ಪಾಠ ಹೇಳಿದ ವಕೀಲ

1940ರ ಜೂನ್‌ನಲ್ಲಿ ಡನ್‌ಕರ್ಕ್ ಕಡಲ ದಂಡೆಯಿಂದ ಹೇಗೋ ಪಾರಾಗಿ ಬಂದ ಬ್ರಿಟಿಷ್ ಸೈನ್ಯಕ್ಕೆ ಫಿರಂಗಿ, ಟ್ರಕ್ಕುಗಳ ಕೊರತೆ ಇತ್ತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ನಿನ್ನೆ ಮೊನ್ನೆಯವರೆಗೆ ಗುಮಾಸ್ತರೋ ಉಪಾಧ್ಯಾಯರೋ ಆಗಿದ್ದು ಈಗ ಸೇನಾಧಿಕಾರಿಗಳಾದ ಸಾವಿರಾರು ಯುವಕರಿಗೆ, ಶತ್ರುವಿನ ಗುಂಡು ಹಾರಿದ ಮೊದಲ ನಿಮಿಷದಲ್ಲಿ ಏನು ಮಾಡಬೇಕೆಂದು ಹೇಳಿಕೊಡುವವರೇ ಇರಲಿಲ್ಲ. ಆ ಪಾಠವನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯನಾದ ಲಯೊನೆಲ್ ವಿಗ್ರಮ್ ವೃತ್ತಿಯಿಂದ ಸೈನಿಕನೇ ಅಲ್ಲ, ವಕೀಲ.

1907ರಲ್ಲಿ ಶೆಫೀಲ್ಡ್‌ನಲ್ಲಿ ಹುಟ್ಟಿದ ವಿಗ್ರಮ್ ಆಕ್ಸ್‌ಫರ್ಡ್‌ನಲ್ಲಿ ಓದಿ ವಕೀಲಿಗೆ ಇಳಿದ. ಬಿಡುವಿನ ವೇಳೆಯ ಸೈನ್ಯವಾದ ಟೆರಿಟೋರಿಯಲ್ ಪಡೆಯಲ್ಲಿ ಹೆಸರು ಬರೆಸಿದ್ದ. ಯುದ್ಧ ಬಂದಾಗ ಅದೇ ಹವ್ಯಾಸ ಕೆಲಸವಾಯಿತು. 1941ರಲ್ಲಿ 47ನೇ ಡಿವಿಜನ್ನಿನ ಜನರಲ್ ಅಟರ್ಸನ್ ಕೆಲ್ಸೊ ಬೆಂಬಲದಿಂದ ಸಸೆಕ್ಸ್‌ನ ಚೆಲ್ವುಡ್ ಗೇಟ್‌ನಲ್ಲಿ ಆತ ಒಂದು ಯುದ್ಧಶಾಲೆ ತೆರೆದ.

ಅಲ್ಲಿ ಕಲಿಸಿದ್ದು 'ಬ್ಯಾಟಲ್ ಡ್ರಿಲ್'. ಸಂಗೀತ ಕಲಿಯುವವರು ಮೊದಲು ಸರಳೆ ವರಸೆಯನ್ನು ಯೋಚಿಸದೆ ಹಾಡುವಷ್ಟು ರೂಢಿಸಿಕೊಳ್ಳುತ್ತಾರಲ್ಲ, ಹಾಗೆ. ಗುಂಡು ಬಂತೇ? ಒಂದು ಗುಂಪು ಬ್ರೆನ್ ಗನ್ನಿನಿಂದ ಶತ್ರು ತಲೆ ಎತ್ತದಂತೆ ಗುಂಡು ಸುರಿಸಬೇಕು. ಉಳಿದವರು ಪಕ್ಕದಿಂದ ಸುತ್ತಿ ಮೇಲೆ ಬೀಳಬೇಕು. ಇದನ್ನು ಮೊದಲು ಕವಾಯತು ಮೈದಾನದಲ್ಲಿ ಹೆಜ್ಜೆ ಎಣಿಸಿ ಕಲಿಸಿ, ಆಮೇಲೆ ಕಾಡು ಗುಡ್ಡದಲ್ಲಿ ನಿಜವಾದ ಗುಂಡುಗಳ ನಡುವೆ ಓಡಿಸುತ್ತಿದ್ದರು. ಗಾಬರಿಯಲ್ಲಿ ತಲೆ ಕೆಲಸ ಮಾಡದಿದ್ದರೂ ಕಾಲು ಮಾಡುತ್ತದೆ ಎಂಬುದು ವಾದ.

ಪದ್ಧತಿ ಬೇಗ ಹಬ್ಬಿತು. ಡರ್ಹಮ್ ಪ್ರಾಂತದ ಬಾರ್ನರ್ಡ್ ಕ್ಯಾಸಲ್‌ನಲ್ಲಿ ಇಡೀ ಸೈನ್ಯಕ್ಕೆ ಸೇರಿದ ಶಾಲೆ ಆರಂಭವಾಗಿ ವಿಗ್ರಮ್ ಅದರ ಮುಖ್ಯ ಬೋಧಕನಾದ. ಅತಿರೇಕಗಳೂ ನಡೆದವು. ರಕ್ತಕ್ಕೆ ಒಗ್ಗಲಿ ಎಂದು ಶಿಕ್ಷಣಾರ್ಥಿಗಳನ್ನು ಕಸಾಯಿಖಾನೆಗೆ ಕರೆದೊಯ್ಯುತ್ತಿದ್ದರು. ಮನೋವೈದ್ಯರು ಆಕ್ಷೇಪಿಸಿದರು. 1942ರಲ್ಲಿ ಇಂಥ ದ್ವೇಷದ ಪಾಠಗಳಿಗೆ ಮೇಲಿನವರೇ ತಡೆ ಹಾಕಿದರು. ಅದು ಸರಿಯಾದ ನಿರ್ಧಾರವೇ.

1943ರ ಜುಲೈನಲ್ಲಿ ಮಿತ್ರಪಡೆಗಳು ಸಿಸಿಲಿ ದ್ವೀಪದಲ್ಲಿ ಇಳಿದಾಗ, ತಾನು ಕಲಿಸಿದ್ದು ಎಷ್ಟು ಉಪಯೋಗಕ್ಕೆ ಬಂತು ಎಂದು ನೋಡಲು ಲೆಫ್ಟಿನೆಂಟ್ ಕರ್ನಲ್ ವಿಗ್ರಮ್ ಅಲ್ಲಿಗೆ ಹೋದ. ಆಗಸ್ಟ್ 16ರಂದು ಬರೆದ ವರದಿಯಲ್ಲಿ ಯಾರನ್ನೂ ಉಳಿಸಲಿಲ್ಲ, ತನ್ನನ್ನೂ ಸಹ. ಕವಾಯತು ರಣರಂಗದಲ್ಲಿ ಹೆಚ್ಚಾಗಿ ಬಳಕೆಯಾಗುತ್ತಲೇ ಇಲ್ಲ ಎಂದ. 22 ಜನರ ಪ್ಲಟೂನ್‌ನಲ್ಲಿ ಎದೆಗಾರಿಕೆಯಿಂದ ಮುನ್ನುಗ್ಗುವವರು ಆರೇ ಮಂದಿ. ಹನ್ನೆರಡು ಮಂದಿ ಕುರಿಗಳಂತೆ ಹಿಂದೆ ಬರುವವರು. ಉಳಿದ ನಾಲ್ಕಾರು ಮಂದಿ ಓಡಿಹೋಗುವವರೇ ಎಂದು ಲೆಕ್ಕ ಹಾಕಿದ. ಆ ಆರು ಮಂದಿಯೇ ಮೊದಲು ಸಾಯುವವರು ಎಂಬುದನ್ನು ಓದುಗರು ಊಹಿಸಬಹುದು.

ಎಂಟನೇ ಸೈನ್ಯದ ಮುಖ್ಯಸ್ಥ ಮಾಂಟ್‌ಗೊಮೆರಿ ಕೆಂಡವಾದ. ಗೆದ್ದ ಸೈನ್ಯದ ಬಗ್ಗೆ ಇಂಥ ಮಾತು ಹರಿದಾಡಿದರೆ ಉಳಿದವರ ಧೈರ್ಯ ಕುಗ್ಗೀತು ಎಂಬ ಅಳುಕು ತೀರ ಅಸಹಜವಲ್ಲ. ಆದರೆ ವರದಿ ಕೇಳಿದ್ದು ಸತ್ಯಕ್ಕಾಗಿಯೇ ಅಲ್ಲವೇ? ವಿಗ್ರಮ್‌ನನ್ನು ಮೇಜರ್ ಹುದ್ದೆಗೆ ಇಳಿಸಲಾಯಿತು. ಅರ್ಧ ಶತಮಾನದ ಬಳಿಕ, 1991ರಲ್ಲಿ, ಅವನ ಶಿಷ್ಯ ಡೆನಿಸ್ ಫೋರ್ಮನ್ ಈ ಕಥೆಯನ್ನು ಪುಸ್ತಕವಾಗಿ ಬರೆದ. ಕಸೀನೊ ಕಾಳಗದಲ್ಲಿ ಕಾಲು ಕಳೆದುಕೊಂಡಿದ್ದ ಫೋರ್ಮನ್ ಯುದ್ಧಾನಂತರ ಬ್ರಿಟಿಷ್ ಟೆಲಿವಿಷನ್ ರಂಗದಲ್ಲಿ ಹೆಸರು ಮಾಡಿದವ.

ಹಿಂಬಡ್ತಿ ಪಡೆದ ಮೇಜರ್ ಆ ಚಳಿಗಾಲವನ್ನು ಇಟಲಿಯ ಅಬ್ರುಜ್ಜೊ ಬೆಟ್ಟಗಳಲ್ಲಿ ಕಳೆದ. ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿದ್ದ ಮರಾಠಾ ಪಡೆಯ ಒಂದು ಬೆಟಾಲಿಯನ್ ಸೇರಿದಂತೆ 8ನೇ ಭಾರತೀಯ ಡಿವಿಜನ್ ಕಾದಾಡುತ್ತಿದ್ದುದೂ ಅದೇ ಸೀಮೆಯಲ್ಲಿ. ಕಾಸೊಲಿ ಊರಲ್ಲಿ ಎತ್ತೊರೆ ತ್ರೊಯಿಲೊ ಎಂಬ ವಕೀಲ ಕಟ್ಟಿದ ರೈತರ, ಕೂಲಿಗಳ ಪಡೆಯೊಂದಿತ್ತು. ಸಮವಸ್ತ್ರವಿಲ್ಲ, ಸರಿಯಾದ ಬಂದೂಕಿಲ್ಲ. ನಿನ್ನೆಯವರೆಗೆ ಶತ್ರುದೇಶದವರಾಗಿದ್ದ ಇವರನ್ನು ನಂಬಲು ಬ್ರಿಟಿಷರು ಹಿಂಜರಿದಾಗ ವಿಗ್ರಮ್ ನಂಬಿದ. ವಕೀಲನಿಗೆ ವಕೀಲ! ಇಬ್ಬರ ಜನರೂ ಸೇರಿದ ಪಡೆಗೆ 'ವಿಗ್‌ಫೋರ್ಸ್' ಎಂಬ ಹೆಸರು ಬಿತ್ತು.

1944ರ ಫೆಬ್ರವರಿ 3ರ ನಸುಕಿನಲ್ಲಿ, ಹಿಮ ತುಂಬಿದ ಪಿಜ್ಜೊಫೆರಾಟೊ ಎಂಬ ಬೆಟ್ಟದೂರಿನ ಮೇಲೆ ಅವರು ನುಗ್ಗಿದರು. ಮುಂದಿದ್ದ ವಿಗ್ರಮ್ ಜರ್ಮನರ ಗುಂಡಿಗೆ ಬಲಿಯಾದ. ದಾಳಿ ವಿಫಲವಾಯಿತು. ಆತನ ಸಮಾಧಿ ಓರ್ತೋನಾ ಬಳಿ, ಕೆನಡಾದ ಸೈನಿಕರೇ ಹೆಚ್ಚಾಗಿರುವ ಮೋರೊ ನದಿಯ ರುದ್ರಭೂಮಿಯಲ್ಲಿದೆ. ತ್ರೊಯಿಲೊನ ಜನ ಮಿತ್ರಸೈನ್ಯದೊಂದಿಗೆ ಬೊಲೊನ್ಯಾವರೆಗೂ ನಡೆದರು. 1963ರಲ್ಲಿ ಆ 'ಮಾಯೆಲ್ಲಾ ಬ್ರಿಗೇಡ್'ನ ಧ್ವಜಕ್ಕೆ ಇಟಲಿ ಸರಕಾರ ಶೌರ್ಯದ ಚಿನ್ನದ ಪದಕ ನೀಡಿತು.