ಎದೆಯ ಚಿತ್ರವನ್ನು ಓದುವವರಾರು?

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಜಿಗಣಿಯ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷಗಳಿಂದ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸ ಅವನದು. ಶಾಲೆಯಲ್ಲಿ ಕಬಡ್ಡಿಯ ಹುಲಿಯಾಗಿದ್ದವನು ನಮ್ಮ ಮನೆಯ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ.

"ಸಾರ್, ಎರಡು ಸಲ ಟಿ.ಬಿ. ಮಾತ್ರೆ ಮುಗಿಸಿದೆ. ಕೆಮ್ಮು ಹೋಗಲಿಲ್ಲ. ಈಗ ಸ್ಕ್ಯಾನ್ ಮಾಡಿಸು ಅಂತಾರೆ. ನಮ್ಮ ಕಾರ್ಡು ನಡೆಯೋ ಸ್ಕ್ಯಾನ್ ಡಾಕ್ಟರು ಯಾರಾದ್ರೂ ಗೊತ್ತಾ?" ಎಂದು ಕೇಳಿದ.

ಜೀವಮಾನವೆಲ್ಲ ಇತಿಹಾಸ ಪಾಠ ಹೇಳಿದವನಿಗೆ ಸ್ಕ್ಯಾನಿನ ಸಂಗತಿ ಹೇಗೆ ತಿಳಿಯಬೇಕು? ಆದರೆ ಅವನೊಡನೆ ನಾಲ್ಕಾರು ಕಡೆ ಅಲೆದ ಮೇಲೆ, ಈ ಪ್ರಶ್ನೆಗೂ ಒಂದು ದೀರ್ಘ ಇತಿಹಾಸವಿದೆಯೆಂಬುದು ನನಗೆ ಮನವರಿಕೆಯಾಯಿತು.

ಜರ್ಮನಿಯ ರಾಂಟ್ಜೆನ್ ಕ್ಷಕಿರಣವನ್ನು ಕಂಡುಹಿಡಿದದ್ದು ೧೮೯೫ರ ನವೆಂಬರಿನಲ್ಲಿ. ಜೀವಂತ ಮನುಷ್ಯನ ಎದೆಗೂಡಿನೊಳಗನ್ನು ನೋಡುವುದು ಅಂದಿನಿಂದ ಸಾಧ್ಯವಾಯಿತು. ಕಲ್ಲುಧೂಳು ಕುಡಿದ ಶ್ವಾಸಕೋಶದ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ೧೯೩೦ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಈ ಕಾಯಿಲೆಯನ್ನು ಕುರಿತು ಸಮ್ಮೇಳನ ನಡೆಸಿ, ಎದೆಯ ಎಕ್ಸ್‌ರೇಗಳನ್ನು ವರ್ಗೀಕರಿಸುವ ಕ್ರಮವೊಂದಕ್ಕೆ ಬುನಾದಿ ಹಾಕಿತು. ಚಿತ್ರ ತೆಗೆಯುವುದು ಒಂದು ಕೆಲಸ, ಓದುವುದು ಮತ್ತೊಂದು ವಿದ್ಯೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ನಮ್ಮ ರಾಜ್ಯಕ್ಕೂ ಈ ಕಥೆಗೂ ಹತ್ತಿರದ ನಂಟು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ ಎಂದು ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳಿಕೊಟ್ಟೆವು. ಅದೇ ಗಣಿಗಳಲ್ಲಿ ೧೯೪೦ರಿಂದ ೧೯೪೬ರವರೆಗೆ ಏಳು ಸಾವಿರಕ್ಕೂ ಮೀರಿದ ಕಾರ್ಮಿಕರನ್ನು ತಪಾಸಣೆ ಮಾಡಿದಾಗ, ನೂರಕ್ಕೆ ೪೦ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತೆಂಬುದನ್ನು ಮಾತ್ರ ಹೇಳಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಅದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ಇ.ಎಸ್.ಐ., ಜಾರಿಗೆ ಬಂತು. ೧೯೫೨ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಯೋಜನೆ ೧೯೫೮ರಲ್ಲಿ ಬೆಂಗಳೂರಿಗೆ ತಲಪಿತು. ಕಾನೂನಿನ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗಗಳ ಪಟ್ಟಿಯಿದೆ. ಸಿಲಿಕೋಸಿಸ್ ಅದರಲ್ಲಿ ಸೇರಿದೆ. ಅಂದರೆ ವಿಮೆಗೆ ಒಳಪಟ್ಟ ಕೆಲಸಗಾರನಿಗೆ ಈ ರೋಗ ಕೆಲಸದಿಂದಲೇ ಬಂದಿತೆಂದು ಸಿದ್ಧವಾದರೆ, ಚಿಕಿತ್ಸೆಯಷ್ಟೇ ಅಲ್ಲ, ನಗದು ಪರಿಹಾರವೂ ಅವನ ಹಕ್ಕು. ಆ ಹಕ್ಕಿನ ಬಾಗಿಲು ತೆರೆಯುವುದು ಎದೆಯ ಚಿತ್ರದಿಂದ.

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ನೆರವು ನೀಡುತ್ತದೆ. ಆದರೆ ಅದರ ಕಟ್ಟೋಣವೆಲ್ಲ ಆಸ್ಪತ್ರೆಯ ಹಾಸಿಗೆಯ ಸುತ್ತ. ಆಯುಷ್ಮಾನ್ ಭಾರತದ ನಿಯಮದಲ್ಲಿ ದಾಖಲಾತಿಗೆ ಮುಂಚಿನ ಮೂರು ದಿನಗಳ ಪರೀಕ್ಷೆಗಳು ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತವೆ. ರೋಗವೇನೆಂದೇ ತಿಳಿಯದೆ ಹೊರರೋಗಿಯಾಗಿ ಅಲೆಯುವವನ ಸ್ಕ್ಯಾನು ಆ ಲೆಕ್ಕದಲ್ಲಿ ಬರುವುದಿಲ್ಲ. ಇ.ಎಸ್.ಐ. ಹಾಗಲ್ಲ. ಡಿಸ್ಪೆನ್ಸರಿಯ ಮೊದಲ ಚೀಟಿಯಿಂದ ದೊಡ್ಡ ಸ್ಕ್ಯಾನಿನವರೆಗೆ ಎಲ್ಲವೂ ಅದರ ವ್ಯಾಪ್ತಿಯೊಳಗಿದೆ.

ಆದ್ದರಿಂದ ನನ್ನ ಶಿಷ್ಯನ ಪ್ರಶ್ನೆಯನ್ನೇ ತಿದ್ದಬೇಕಾಯಿತು. ಕಾರ್ಡು ನಡೆಯುವ ರೇಡಿಯಾಲಜಿಸ್ಟರನ್ನು ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಒಪ್ಪಂದವಿರುವುದು ಆಸ್ಪತ್ರೆ ಅಥವಾ ಸ್ಕ್ಯಾನ್ ಕೇಂದ್ರದೊಡನೆ. ಅಲ್ಲಿಗೆ ಕರೆದೊಯ್ಯುವುದು ಶಿಫಾರಸು ಚೀಟಿ. ಡಿಸ್ಪೆನ್ಸರಿಯ ವೈದ್ಯರು ಇ.ಎಸ್.ಐ. ಆಸ್ಪತ್ರೆಗೆ ಬರೆಯಬೇಕು, ಅಲ್ಲಿ ಸೌಲಭ್ಯವಿಲ್ಲವಾದರೆ ಅವರು ಒಪ್ಪಂದದ ಕೇಂದ್ರಕ್ಕೆ ಬರೆಯಬೇಕು. ನೇರವಾಗಿ ಖಾಸಗಿ ಕೇಂದ್ರಕ್ಕೆ ಹೋದವನು ಕೈಯಿಂದಲೇ ಹಣ ತೆರಬೇಕು. ಇವನು ಹಾಗೆ ತೆತ್ತಿದ್ದ. ಹಳೆಯ ವರದಿಯಲ್ಲಿ "ಕ್ಷಯದ ಗುರುತುಗಳು" ಎಂದಷ್ಟೇ ಇತ್ತು.

ಮೂರು ವಾರ, ಐದು ಸಲದ ಓಡಾಟ. ಬೆಳಗಿನ ಬಸ್ಸು ಹಿಡಿದು ನಗರಕ್ಕೆ ಹೋದರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ. ಕೊನೆಗೆ ಸ್ಕ್ಯಾನ್ ಆದ ದಿನ, ಒಳಗಿನ ಕೋಣೆಯಿಂದ ರೇಡಿಯಾಲಜಿಸ್ಟ್ ಹೊರಬಂದರು. ಸುಮಾರು ನಲವತ್ತರ ಹೆಣ್ಣುಮಗಳು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಏನು ಕೆಲಸ ಮಾಡ್ತೀರಿ?"

"ಕಲ್ಲು ಕೊಯ್ಯೋದು, ಮೇಡಂ."

"ಎಷ್ಟು ವರ್ಷದಿಂದ?"

ಅದುವರೆಗೆ ಯಾರೂ ಕೇಳಿರಲಿಲ್ಲವಂತೆ! ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಹರಡಿದ ಸಣ್ಣ ಗಂಟುಗಳು ಕ್ಷಯದಲ್ಲೂ ಇರಬಹುದು, ಸಿಲಿಕೋಸಿಸ್‌ನಲ್ಲೂ ಇರಬಹುದು. ಧೂಳು ಹೊಕ್ಕ ಎದೆಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಚಿತ್ರಕ್ಕೆ ಅರ್ಥ ಬರುವುದು ಮನುಷ್ಯನ ವೃತ್ತಿ ತಿಳಿದಾಗ. ವರದಿಯಲ್ಲಿ ಆಕೆ ಸಿಲಿಕೋಸಿಸ್ ಎಂದು ಶಂಕಿಸಿ, ಹದಿನೈದು ವರ್ಷಗಳ ಕಲ್ಲುಕೆಲಸವನ್ನೂ ನಮೂದಿಸಿದರು. ಪರಿಹಾರದ ಅರ್ಜಿ ಈಗ ಆ ವರದಿಯ ಬಲದ ಮೇಲೆ ನಡೆದಿದೆ.

ಈ ರೋಗ ವಾಸಿಯಾಗುವಂಥದ್ದಲ್ಲ. ಧೂಳಿನಿಂದ ದೂರವಿರುವುದೇ ಮುಖ್ಯ ಉಪಾಯ. ಅವನೀಗ ಗೋದಾಮಿನ ಲೆಕ್ಕ ಬರೆಯುತ್ತಾನೆ, ಸಂಬಳ ಕಡಿಮೆ. ಅವನಿಗೆ ಕಾರ್ಡಾದರೂ ಇತ್ತು. ಹತ್ತು ಮಂದಿಗಿಂತ ಕಡಿಮೆ ಜನರಿರುವ ಶೆಡ್ಡುಗಳಲ್ಲಿ, ವಂತಿಗೆ ಕಟ್ಟದ ಗುತ್ತಿಗೆದಾರರ ಕೈಕೆಳಗೆ ದುಡಿಯುವವರಿಗೆ ಅದೂ ಇಲ್ಲ.

ಕೋಲಾರದ ಗಣಿ ೨೦೦೧ರಲ್ಲಿ ಮುಚ್ಚಿತು. ಧೂಳು ಮಾತ್ರ ಊರು ಬದಲಾಯಿಸಿ ನಮ್ಮ ಜಿಗಣಿಯಲ್ಲೂ ಹಾರುತ್ತಿದೆ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ನಿಮ್ಮವರು ಯಾರಾದರೂ ಎದೆಯ ಚಿತ್ರ ತೆಗೆಸಲು ಹೊರಟರೆ, ಅವರು ಏನು ಕೆಲಸ ಮಾಡುತ್ತಾರೆ, ಎಷ್ಟು ವರ್ಷದಿಂದ ಎಂಬುದನ್ನು ಚೀಟಿಯ ಮೇಲೆ ಬರೆಸಿರಿ. ಕೇಳದಿದ್ದರೂ ಹೇಳಿರಿ.